ಸಾಕು ಎಂಬ ಗುಂಡಿ

ಹನ್ನೆರಡು ವರ್ಷದ ಇಬ್ಬನಿ ದಿನಕ್ಕೆ ನಲವತ್ತು ಸಲ ಒಂದೇ ಪ್ರಶ್ನೆ ಕೇಳುತ್ತಿದ್ದಳು. “ಅವ್ವಾ, ಎಲ್ಲಾ ಸರಿ ಐತಿಲ್ಲೋ?” ಗ್ಯಾಸ್ ಆರಿಸಿದ್ದಿರಬಹುದು, ಕದಕ್ಕೆ ಚಿಲಕ ಹಾಕಿದ್ದಿರಬಹುದು, ಶಾಲೆಯ ಚೀಲದಲ್ಲಿ ಕಂಪಾಸ್ ಡಬ್ಬಿ ಎಡಕ್ಕೆ ಕೂತಿದ್ದಿರಬಹುದು, ಪ್ರಶ್ನೆ ಮಾತ್ರ ಅದೇ. ಅವಳ ತಾಯಿ ದಾಕ್ಷಾಯಿಣಿ ನಲವತ್ತು ಸಲವೂ ಒಂದೇ ಉತ್ತರ ಕೊಡಬೇಕು. “ಸರಿ ಐತಿ, ಎಲ್ಲಾ ಸರಿ ಐತಿ, ಖರೇನ ಸರಿ ಐತಿ.” ಮೂರು ಮಾತೂ ಒಂದೇ ದನಿಯಲ್ಲಿ ಬರಬೇಕು. ನಡುವೆ ಕೆಮ್ಮು ಬಂತೋ, ಕುಕ್ಕರ್ ಸೀಟಿ ಹೊಡೆಯಿತೋ, ಕಥೆ ಮುಗಿಯಿತು, ಮತ್ತೆ ಮೊದಲಿನಿಂದ. ಅಡುಗೆಮನೆಯಲ್ಲಿ ರೊಟ್ಟಿ ಸೀದುಹೋದ ದಿನಗಳಿಗೆ ಲೆಕ್ಕವಿರಲಿಲ್ಲ.

ಇದು ಗೀಳು ಕಾಯಿಲೆ ಎಂದು ಗೊತ್ತಾಗುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಅಲ್ಲಿಯವರೆಗೆ ಒಬ್ಬರು ಹಟ ಎಂದರು, ಇನ್ನೊಬ್ಬರು ಮುದ್ದು ಹೆಚ್ಚಾಯಿತು ಎಂದರು, ಮತ್ತೊಬ್ಬರು ದೃಷ್ಟಿ ತೆಗೆಸಿ ಎಂದರು. ಗೀಳಿನ ಮಕ್ಕಳ ಕಷ್ಟವೇ ಬೇರೆ. ಎಲ್ಲ ಸರಿಯಾಗಿದೆ ಎಂದು ಅವರಿಗೆ ಗೊತ್ತಿರುತ್ತದೆ; ಆದರೂ ಸರಿಯಾಗಿದೆ ಎಂದು ಅನ್ನಿಸುವುದಿಲ್ಲ. ಗೊತ್ತಿರುವುದಕ್ಕೂ ಅನ್ನಿಸುವುದಕ್ಕೂ ನಡುವೆ ಸಿಕ್ಕಿಕೊಂಡು ಒದ್ದಾಡುತ್ತಾರೆ, ಪಾಪ.

ಹುಬ್ಬಳ್ಳಿಯ ಆಚೆ, ಬೈಪಾಸ್ ರಸ್ತೆಯ ಪಕ್ಕದಲ್ಲಿದ್ದ ‘ಸಮತಾ’ ಸಂಶೋಧನಾ ಕೇಂದ್ರದಲ್ಲಿ ದಾಕ್ಷಾಯಿಣಿಗೆ ಕೆಲಸ. ಅಲ್ಲಿಯೇ ಮಕ್ಕಳಿಗೆ ಚಿಕಿತ್ಸೆ ಕೊಡುತ್ತಿದ್ದ ಮೆಹರುನ್ನಿಸಾ ಮೇಡಂ ಇಬ್ಬನಿಯನ್ನು ಕೈಗೆತ್ತಿಕೊಂಡರು. ಅವರದು ಹಳೆಯ ದಾರಿ. ಮಗು ಹೆದರುವುದನ್ನೇ ಅದರ ಎದುರಿಗೆ ಇಡುವುದು, ಹೆದರಿಕೆ ಏರಲು ಬಿಡುವುದು, ಸಮಾಧಾನದ ಮಾತು ಹೇಳದೆ ಪಕ್ಕದಲ್ಲಿ ಸುಮ್ಮನೆ ಕೂರುವುದು. ಏರಿದ ಹೆದರಿಕೆ ತಾನಾಗಿಯೇ ಇಳಿಯುತ್ತದೆ. ಇಳಿಯುವುದನ್ನು ಮಗು ಸ್ವತಃ ನೋಡಬೇಕು, ಮತ್ತೆ ಮತ್ತೆ ನೋಡಬೇಕು.

“ನೋಡವಾ ದಾಕ್ಷಾಯಿಣಿ, ಆಕಿ ಕೇಳಿದಾಗೊಮ್ಮೆ ನೀ ಉತ್ತರ ಕೊಟ್ಟಿ ಅಂದ್ರ ರೋಗಕ್ಕ ಊಟಕ್ಕ ಹಾಕಿದಂಗ,” ಎಂದಿದ್ದರು ಮೇಡಂ. “ಕೊಡಬ್ಯಾಡ. ಆಕಿ ಅಳ್ತಾಳ. ನಿನಗೂ ಅಳು ಬರ್ತೈತಿ. ಇಬ್ಬರೂ ಕೂಡೇ ಅಳ್ರಿ. ಆದ್ರ ಉತ್ತರ ಕೊಡಬ್ಯಾಡ.”

ನಾಲ್ಕು ತಿಂಗಳಲ್ಲಿ ನಲವತ್ತು ಹದಿನೈದಕ್ಕೆ ಇಳಿಯಿತು. ಮೇಡಂ ಖುಷಿಪಟ್ಟರು. ಆದರೆ ಮನೆಯಲ್ಲಿ ಆ ಹದಿನೈದೇ ಬೆಟ್ಟವಾಗಿ ಕಾಣುತ್ತಿತ್ತು. ಗಂಡ ವೀರೇಶ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ದಿನವಿಡೀ ಇಂಜಿನ್ ಬಿಚ್ಚಿ ಜೋಡಿಸುವವನಿಗೆ ಇಷ್ಟು ನಿಧಾನದ ರಿಪೇರಿ ಅರ್ಥವಾಗಲಿಲ್ಲ. “ಮಗಳು ಅಳೂದು ನೋಡಿಕೋತ ಕುಂದ್ರೂದು ಅದೆಂಥಾ ಔಷಧ?” ಎಂದು ಮೂಗು ಮುರಿದ. ಅದೇ ಸಮಯಕ್ಕೆ ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ಗಲಗಲಿಯವರ ‘ನಿಶ್ಶಂಕ’ ಪ್ರಯೋಗಕ್ಕೆ ಸಿದ್ಧವಾಯಿತು. ಸಿಬ್ಬಂದಿಯ ಮಕ್ಕಳಿಗೆ ಮೊದಲ ಅವಕಾಶ. ದಾಕ್ಷಾಯಿಣಿ ಹೆಸರು ಬರೆಸಿಬಿಟ್ಟಳು.

ನಿಶ್ಶಂಕ ಅಂದರೆ ಕಿವಿಯ ಹಿಂದೆ ಚರ್ಮಕ್ಕೆ ಅಂಟಿಕೊಳ್ಳುವ ಒಂದು ಬಿಲ್ಲೆ, ಅಷ್ಟೆ. ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು. ಗಲಗಲಿಯವರು ಪೋಷಕರನ್ನು ಕೂರಿಸಿಕೊಂಡು ವಿವರಿಸಿದರು.

“ಏನೋ ತಪ್ಪಾಗ್ಯದ ಅಂತ ಹೇಳೋ ಗಂಟಿ ಎಲ್ಲಾರ ಮಿದುಳಿನ್ಯಾಗೂ ಅದ. ನಮ್ಮದು ಒಮ್ಮೆ ಬಾರಿಸಿ ಸುಮ್ಮನಾಗ್ತದ. ಈ ಹುಡುಗರದು ನಿಲ್ಲೂದೇ ಇಲ್ಲ. ಗಂಟಿ ಶುರು ಆದ ಕೂಡಲೆ ಬಿಲ್ಲೆ ಹಿಡೀತದ, ಉಲ್ಟಾ ಅಲೆ ಕಳಸ್ತದ, ಗಂಟಿ ನಿಲ್ತದ. ಕಣ್ಣು ಮುಚ್ಚಿ ತೆಗಿಯೋದರಾಗ ಕೆಲಸ ಮುಗೀತು.”

ಒಂದೇ ಒಂದು ತೊಡಕಿತ್ತು. ಬೇಕಾದ ಶಂಕೆಯ ಗಂಟೆಯೂ ಬೇಡದ ಶಂಕೆಯ ಗಂಟೆಯೂ ಯಂತ್ರದ ಕಿವಿಗೆ ಒಂದೇ. ಅದನ್ನು ಯಾರಾದರೂ ಹೇಳಿಕೊಡಬೇಕು. ಅದಕ್ಕಾಗಿ ತಾಯಿ ಅಥವಾ ತಂದೆಯ ಫೋನಿನಲ್ಲಿ ಒಂದು ಹಸಿರು ಗುಂಡಿ, ಅದರ ಮೇಲೆ ‘ಸಾಕು’ ಎಂಬ ಅಕ್ಷರ. ಮಗು ಬೇಡದ ಶಂಕೆಗೆ ಬಿದ್ದಾಗ ಒತ್ತಬೇಕು. ಇಪ್ಪತ್ತು ಸಲ ಒತ್ತಿದರೆ ಬಿಲ್ಲೆ ಆ ಶಂಕೆಯ ಗುರುತು ಕಲಿಯುತ್ತದೆ. ಆಮೇಲೆ ಒತ್ತುವುದೂ ಬೇಡ. ಯಾವ ಯಾವ ಶಂಕೆಗೆ ಒತ್ತಬಹುದು ಎಂದು ಪ್ರತಿ ಮಗುವಿಗೂ ಒಂದು ಪಟ್ಟಿ.

ಇಬ್ಬನಿಯ ಪಟ್ಟಿ ಬರೆದವರು ಮೆಹರುನ್ನಿಸಾ ಮೇಡಂ. ಅದರಲ್ಲಿ ಗ್ಯಾಸ್ ಇತ್ತು, ಚಿಲಕ ಇತ್ತು, ಕಂಪಾಸ್ ಡಬ್ಬಿ ಇತ್ತು. ಆಯಿಯ ಮಾತ್ರೆ ಡಬ್ಬಿಯನ್ನು ಮಾತ್ರ ಅವರು ಸೇರಿಸಲಿಲ್ಲ.

ಆಯಿ ಅಂದರೆ ವೀರೇಶನ ತಾಯಿ ನೀಲವ್ವ. ಕಣ್ಣು ಮಂಜು, ನಾಲಿಗೆ ಮಾತ್ರ ಚುರುಕು. ಅವಳ ಬಿ.ಪಿ. ಮಾತ್ರೆಗಳಿಗೆ ಏಳು ಖಾನೆಯ ಡಬ್ಬಿ. ಭಾನುವಾರ ದಾಕ್ಷಾಯಿಣಿ ಅದನ್ನು ತುಂಬುತ್ತಿದ್ದಳು; ಪ್ರತಿದಿನ ಬೆಳಿಗ್ಗೆ ಖಾನೆ ತೆಗೆದು ಆಯಿಯ ಅಂಗೈಗೆ ಮಾತ್ರೆ ಹಾಕಿ ನೀರು ಕೊಡುವುದು ಇಬ್ಬನಿಯ ಪಾಲಿನ ಕೆಲಸ. ಅವಳು ಪ್ರತಿ ಖಾನೆಯನ್ನೂ ಇಪ್ಪತ್ತು ಸಲ ಎಣಿಸುತ್ತಿದ್ದಳು. “ಏನವಾ, ಮಾತ್ರಿಗೆ ಪೂಜಿ ಮಾಡಾಕತ್ತಿಯೇನು? ಬಿ.ಪಿ. ಏರೂದರಾಗ ಕೊಡು,” ಎಂದು ಆಯಿ ನಗುತ್ತಿದ್ದಳು.

“ಡಬ್ಬಿ ಪಟ್ಟಿಯೊಳಗ ಬ್ಯಾಡ,” ಎಂದರು ಮೇಡಂ. “ಒಂದು ಸಲ ನೋಡೂದು ಕೆಲಸ. ಇಪ್ಪತ್ತು ಸಲ ನೋಡೂದು ರೋಗ. ಆ ಫರಕು ಮಷೀನಿಗೆ ತಿಳಿಯಂಗಿಲ್ಲ. ಇದನ್ನ ನಾ ನನ್ನ ಹಳೇ ದಾರಿಯಿಂದ ಬಿಡಸ್ತೀನಿ.”

ದಾಕ್ಷಾಯಿಣಿ ತಲೆಯಾಡಿಸಿದಳು.

ಬಿಲ್ಲೆ ಅಂಟಿಸಿದ ಎರಡೇ ವಾರಕ್ಕೆ ಮನೆ ಬದಲಾಯಿತು. ಇಬ್ಬನಿ ಒಂದು ಸಲಕ್ಕೇ ಚಿಲಕ ಹಾಕಿ ಬರುತ್ತಿದ್ದಳು. ಊಟಕ್ಕೆ ಕೂತರೆ ಊಟ ಮಾಡುತ್ತಿದ್ದಳು. ವೀರೇಶ ಮಗಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋಗಿ ಗಿರಮಿಟ್ಟು ತಿನ್ನಿಸಿ ಬಂದ. ದಾಕ್ಷಾಯಿಣಿ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಸಂತೋಷಕ್ಕೆ ಅತ್ತಳು. ಎಷ್ಟೋ ವರ್ಷಗಳ ಮೇಲೆ ಅವಳಿಗೆ ತನ್ನ ಮನೆಯಲ್ಲಿ ಸುಮ್ಮನೆ ಕುಳಿತು ಚಹಾ ಕುಡಿಯಲು ಸಿಕ್ಕಿತ್ತು.

ಉಳಿದದ್ದು ಒಂದೇ, ಮಾತ್ರೆ ಡಬ್ಬಿ. ಎಂಟೂ ಹತ್ತಕ್ಕೆ ಕೇಂದ್ರದ ವ್ಯಾನು ಬೀದಿಯ ತುದಿಗೆ ಬಂದು ಹಾರ್ನ್ ಹೊಡೆಯುತ್ತದೆ. ಇಲ್ಲಿ ಮಗಳು ಖಾನೆ ಎಣಿಸುತ್ತ ನಿಂತಿರುತ್ತಾಳೆ. ಒಂದು ಬೆಳಿಗ್ಗೆ ದಾಕ್ಷಾಯಿಣಿಯ ಬೆರಳು ಹಸಿರು ಗುಂಡಿಯ ಮೇಲೆ ಬಿತ್ತು. ಇವತ್ತೊಂದು ದಿನ ಎಂದುಕೊಂಡಳು. ಇಂಥ ಕೆಲಸಗಳೆಲ್ಲ ಇವತ್ತೊಂದು ದಿನ ಎಂದೇ ಶುರುವಾಗುತ್ತವೆ. ತಿಂಗಳು ಮುಗಿಯುವಷ್ಟರಲ್ಲಿ ಇಬ್ಬನಿ ಖಾನೆ ತೆಗೆದು, ಕೈಗೆ ಹಾಕಿ, ನೀರು ಕೊಟ್ಟು ಹೋಗತೊಡಗಿದಳು. ಒಂದು ಸಲವೂ ಎಣಿಸಲಿಲ್ಲ. “ನನ್ನ ಪೂಜಾರಿ ಕೆಲಸ ಬಿಟ್ಟಳವಾ,” ಎಂದಳು ಆಯಿ, ಸ್ವಲ್ಪ ಬೇಸರದಿಂದಲೇ.

ಕೇಂದ್ರದಲ್ಲಿ ದಾಕ್ಷಾಯಿಣಿಯ ಕೆಲಸ ನಿಗಾ ಕೋಣೆಯಲ್ಲಿ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಇನ್ನೂರ ಹನ್ನೆರಡು ಮಕ್ಕಳ ಗೆರೆಗಳು ಓಡುತ್ತಿದ್ದವು. ಗಂಟೆ ಬಾರಿಸಿದರೆ ಗೆರೆ ಕೆಂಪಗೆ ಜಿಗಿಯುತ್ತದೆ, ಬಿಲ್ಲೆ ಕೆಲಸ ಮಾಡಿದರೆ ಹಸಿರಾಗಿ ಮಲಗುತ್ತದೆ. ಮೊದಲ ತಿಂಗಳು ಪರದೆ ಕೆಂಪು ಕೆಂಪಾಗಿತ್ತು. ನಾಲ್ಕನೆಯ ತಿಂಗಳಿಗೆ ಹಸಿರೇ ಹಸಿರು. ನೋಡಲು ಬಂದ ದೊಡ್ಡವರೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.

ಆದರೆ ದಾಕ್ಷಾಯಿಣಿಗೆ ಇನ್ನೊಂದು ವಿಷಯ ಕಂಡಿತು. ಮಕ್ಕಳ ಗೀಳು ಇಳಿಯುತ್ತಿದ್ದರೂ ಗುಂಡಿ ಒತ್ತುವುದು ಏರುತ್ತಿತ್ತು. ಅದೂ ಪಟ್ಟಿಯಲ್ಲಿ ಇಲ್ಲದ ಶಂಕೆಗಳಿಗೆ. ಪರೀಕ್ಷೆಯ ತಿಂಗಳಲ್ಲಿ ಓದುವ ಹೊತ್ತಿಗೆ ಹೆಚ್ಚು. ಹಬ್ಬದ ದಿನ ನೆಂಟರು ಬಂದಾಗ ಹೆಚ್ಚು. ಒಂಬತ್ತು ವರ್ಷದ ಒಬ್ಬ ಹುಡುಗನ ಮನೆಗೆ ದಿನಾ ಸಂಜೆ ಚಿಕ್ಕಪ್ಪ ಪಾಠ ಹೇಳಿಕೊಡಲು ಬರುತ್ತಾನೆ ಎಂದು ಮನೆಯವರು ಬರೆದುಕೊಟ್ಟ ದಿನಚರಿಯಲ್ಲಿತ್ತು; ಅವನು ಬಂದ ಐದೇ ನಿಮಿಷಕ್ಕೆ ಹುಡುಗನ ಗೆರೆ ಕೆಂಪಾಗಿ ಜಿಗಿಯುತ್ತಿತ್ತು, ಯಾರೋ ಗುಂಡಿ ಒತ್ತುತ್ತಿದ್ದರು, ಗೆರೆ ಮಲಗುತ್ತಿತ್ತು. ಮೂರು ವಾರದ ಮೇಲೆ ಚಿಕ್ಕಪ್ಪ ಬಂದರೂ ಗೆರೆ ಏಳಲಿಲ್ಲ. ದಾಕ್ಷಾಯಿಣಿ ಆ ಗೆರೆಗಳ ಪ್ರತಿ ತೆಗೆದುಕೊಂಡಳು. ಗಲಗಲಿಯವರ ಕೋಣೆಗೆ ಹೋದಳು.

“ಸರ್, ಆ ಹುಡುಗ ಏನೋ ಹೇಳಬೇಕು ಅನ್ನಾಕತ್ತಿದ್ದ. ಮನಿಯವರು ಬಾಯಿ ಮುಚ್ಚಿಸಿದ್ರು. ಒಂದ್ ಸಲ ಹೋಗಿ ವಿಚಾರಸೋಣ್ರಿ.”

“ಪಾಠ ಓದಲಿಕ್ಕೆ ಯಾವ ಹುಡುಗಗ ಖುಷಿ ಇರ್ತದರೀ?” ಗಲಗಲಿಯವರು ನಕ್ಕರು. ಕೆಟ್ಟ ಮನುಷ್ಯರಲ್ಲ, ಹಸಿರು ಬಣ್ಣವನ್ನು ಬಹಳ ಪ್ರೀತಿಸಿದವರು. “ಮನಿಯೊಳಗ ಶಾಂತಿ ಆಗ್ಯದೋ ಇಲ್ಲೋ? ಮುಂದಿನ ವರ್ಷ ಶಾಲೆಗೂ ಒಂದೊಂದು ಗುಂಡಿ ಕೊಡ್ರಿ ಅಂತ ಹೆಡ್‌ಮಾಸ್ತರರು ಬೆನ್ನು ಹತ್ಯಾರ. ಗೀಳಿಲ್ಲದ ಹುಡುಗರಿಗೂ ಬೇಕಂತ!”

ಅವಳು ವಾಪಸು ಬಂದು ಕೂತಳು. ಸುಮ್ಮನಿರಲಾಗದೆ ತನ್ನ ಮನೆಯ ದಾಖಲೆ ತೆಗೆದಳು. ಪಟ್ಟಿಯ ಹೊರಗೆ ಒತ್ತಿದ್ದು: ಮೂವತ್ತೊಂದು. ಯಾರಾದರೂ ನೋಡಿಬಿಟ್ಟಾರೆಂದು ಬೇಗ ಮುಚ್ಚಿದಳು.

ಆ ಭಾನುವಾರ ದಾಕ್ಷಾಯಿಣಿ ಆಯಿಯ ಡಬ್ಬಿಯ ಕೊನೆಯ ಖಾನೆಗೆ ಮಾತ್ರೆ ಹಾಕುತ್ತಿದ್ದಾಗ ಕೇಂದ್ರದಿಂದ ಫೋನ್ ಬಂತು. ಯಾವುದೋ ಮಗುವಿನ ಬಿಲ್ಲೆ ಸಂಪರ್ಕ ಕಳೆದುಕೊಂಡಿತ್ತು. ಅರ್ಧ ತಾಸು ಮಾತಾಡಿ, ತಲೆ ಚಿಟ್ಟು ಹಿಡಿದು, ಮತ್ತೆ ಡಬ್ಬಿಯ ಮುಂದೆ ಕೂತಳು. ಎಲ್ಲಿಗೆ ಬಿಟ್ಟಿದ್ದೆ ಎಂದು ನೋಡಲಿಲ್ಲ. ಮೊದಲ ಖಾನೆಯಿಂದ ಮತ್ತೆ ತುಂಬಿದಳು.

ಗುರುವಾರ ಬೆಳಿಗ್ಗೆ ಆಯಿ ಬಚ್ಚಲಿನ ಹೊಸ್ತಿಲ ಹತ್ತಿರ ತಲೆ ತಿರುಗಿ ಬಿದ್ದಳು. ಸೊಂಟದ ಎಲುಬು ಮುರಿದಿತ್ತು. ಬಿ.ಪಿ. ಪಾತಾಳಕ್ಕಿಳಿದಿತ್ತು. “ಮಾತ್ರೆ ಜಾಸ್ತಿ ತಗೊಂಡಿದ್ರೇನು?” ಎಂದು ಆಸ್ಪತ್ರೆಯ ಡಾಕ್ಟರು ಕೇಳಿದರು.

“ಅವ್ವಗ ಮರವು ಭಾಳ್ರಿ,” ಎಂದ ವೀರೇಶ. “ಕೊಟ್ಟಿದ್ದು ಮರತು ಮತ್ತೊಮ್ಮೆ ತಗೊಂಡಿರಬೇಕು.”

ದಾಕ್ಷಾಯಿಣಿ ಬಟ್ಟೆ ತರುವ ನೆಪ ಮಾಡಿ ಮನೆಗೆ ಓಡಿಬಂದಳು. ಡಬ್ಬಿ ತೆಗೆದಳು. ಶುಕ್ರವಾರದ ಖಾನೆಯಲ್ಲಿ ಎರಡು ಬಿಳಿ ಮಾತ್ರೆ. ಶನಿವಾರ ಎರಡು. ಭಾನುವಾರ ಎರಡು. ಅವಳು ಮತ್ತೆ ಮತ್ತೆ ಎಣಿಸಿದಳು. ಆಮೇಲೆ ಪ್ರತಿ ಖಾನೆಯಿಂದ ಒಂದೊಂದು ಮಾತ್ರೆ ತೆಗೆದು ಸಿಂಕಿಗೆ ಹಾಕಿ ನಳ ಬಿಟ್ಟಳು. ಮಾಡಿದ್ದು ತಪ್ಪು ಎಂದು ಅವಳಿಗೆ ಆಗಲೇ ಗೊತ್ತಿತ್ತು. ಆದರೂ ಆಸ್ಪತ್ರೆಗೆ ಹೋಗಿ ತುಟಿ ಬಿಚ್ಚಲಿಲ್ಲ.

ಒಂಬತ್ತನೆಯ ದಿನ ಆಯಿ ತೀರಿಕೊಂಡಳು.

ಎಲ್ಲ ಕಾರ್ಯ ಮುಗಿದು ಬಂದವರು ಹೋದ ಮೇಲೆ ತಾಯಿ ಮಗಳು ಇಬ್ಬರೇ ಕೂತು ಆಯಿಯ ಸೀರೆ ಮಡಚುತ್ತಿದ್ದರು. ಇಬ್ಬನಿ ಒಂದು ಅಂಚು ಹಿಡಿದಿದ್ದಳು, ದಾಕ್ಷಾಯಿಣಿ ಇನ್ನೊಂದು.

“ಅವ್ವಾ, ಡಬ್ಬಿಯೊಳಗ ಎರಡೆರಡು ಇದ್ವು,” ಎಂದಳು ಇಬ್ಬನಿ. ಇವತ್ತು ಬಿಸಿಲು ಜಾಸ್ತಿ ಎನ್ನುವ ದನಿಯಲ್ಲಿ.

ದಾಕ್ಷಾಯಿಣಿ ಮಡಚುವುದನ್ನು ನಿಲ್ಲಿಸಿದಳು. “ನೋಡಿದ್ಯಾ?”

“ಹೂಂ. ಸೋಮವಾರನೂ ನೋಡಿದೆ, ಮಂಗಳವಾರನೂ. ಒಂದು ಇರಬೇಕು ಅಂತ ಗೊತ್ತಿತ್ತು.”

“ಮತ್ತ ಯಾಕ ಹೇಳ್ಲಿಲ್ಲ ನೀ?”

ಇಬ್ಬನಿ ಸ್ವಲ್ಪ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಒಳ್ಳೆಯ ಹುಡುಗಿ. “ಏನೂ ಅನಿಸ್ಲಿಲ್ಲ. ಅನಿಸಿದ್ರ ಹೇಳ್ತಿದ್ದೆ.” ಸೀರೆಯ ಅಂಚನ್ನು ತಾಯಿಯ ಕೈಗೆ ಸೇರಿಸಿ ಮುಂದಿನದನ್ನು ಎತ್ತಿಕೊಂಡಳು.

ದಾಕ್ಷಾಯಿಣಿಗೆ ಭಯವಾಯಿತು. ಸಿಕ್ಕಿಬೀಳುವ ಭಯವೂ ಇತ್ತು, ಅದನ್ನು ಮುಚ್ಚಿಡುವುದೇಕೆ. ಆದರೆ ಅದಕ್ಕಿಂತ ದೊಡ್ಡ ಭಯ ಮಗಳ ಮುಖ ನೋಡಿ ಹುಟ್ಟಿತು. ಮೊದಲು ಈ ಹುಡುಗಿಗೆ ಸರಿಯಾಗಿದೆ ಎಂದು ಗೊತ್ತಿದ್ದರೂ ಸರಿ ಅನ್ನಿಸುತ್ತಿರಲಿಲ್ಲ. ಈಗ ತಪ್ಪಾಗಿದೆ ಎಂದು ಗೊತ್ತಿದ್ದರೂ ತಪ್ಪು ಅನ್ನಿಸುತ್ತಿಲ್ಲ. ನಾಳೆ ರಸ್ತೆಯಲ್ಲಿ, ಶಾಲೆಯಲ್ಲಿ, ಯಾರದೋ ಮನೆಯಲ್ಲಿ ಏನೇ ಎದುರಾದರೂ ಇವಳು ಹೀಗೆಯೇ ನೋಡುತ್ತ ನಿಲ್ಲುತ್ತಾಳೆ. ತನ್ನ ಮೇಲೇ ಯಾರಾದರೂ ಕೈ ಮಾಡಿದರೂ.

ಮರುದಿನವೇ ಗಲಗಲಿಯವರ ಎದುರು ನಿಂತು ಬಿಲ್ಲೆ ತೆಗೆಯಿರಿ ಎಂದಳು. ಮಾತ್ರೆಯ ವಿಷಯ ಹೇಳಲಿಲ್ಲ. ಮಗಳು ಮಂಕಾಗಿದ್ದಾಳೆ ಎಂದಷ್ಟೇ ಹೇಳಿದಳು. ಒಮ್ಮೆಗೇ ತೆಗೆದರೆ ತಡೆದಿಟ್ಟ ಶಂಕೆಗಳೆಲ್ಲ ಒಟ್ಟಿಗೆ ನುಗ್ಗುತ್ತವೆ ಎಂದರು ಡಾಕ್ಟರು. ಬಹಳ ಗೋಗರೆದ ಮೇಲೆ ಎರಡು ವಾರದ ವಿರಾಮಕ್ಕೆ ಒಪ್ಪಿದರು. ಬಿಲ್ಲೆ ಕಿವಿಯ ಹಿಂದೆಯೇ ಇರುತ್ತದೆ, ತಾನಾಗಿ ಏನನ್ನೂ ತಡೆಯುವುದಿಲ್ಲ. ಮಗು ತೀರಾ ಕಂಗಾಲಾದರೆ ಇರಲಿ ಎಂದು ತಾಯಿಯ ಗುಂಡಿ ಮಾತ್ರ ಕೆಲಸ ಮಾಡುತ್ತದೆ. ಎರಡು ವಾರದಲ್ಲಿ ಗಂಟೆ ತಾನಾಗಿ ಬಾರಿಸಲು ಶುರುವಾದರೆ ಸರಿ. ಇಲ್ಲದಿದ್ದರೆ ಮಿದುಳು ಆ ಮೌನವನ್ನೇ ಖಾಯಂ ಮಾಡಿಕೊಂಡಿದೆ ಎಂದು ಅರ್ಥ.

ಮಗಳಿಗೆ ಹೆದರಿಕೆಯೇ ಆಗುತ್ತಿಲ್ಲ ಎಂದು ಮೆಹರುನ್ನಿಸಾ ಮೇಡಂಗೂ ಹೇಳಿದಳು, ಮಾತ್ರೆಯ ವಿಷಯ ಬಿಟ್ಟು.

“ಮೂವತ್ತು ವರ್ಷ ಹುಡುಗರಿಗೆ ಹೆದರಬ್ಯಾಡ್ರಿ ಅಂತ ಕಲಿಸಿದ್ನಿ. ಹೆದರೂದು ಹೆಂಗಂತ ಕಲಿಸಾಕ ನನಗ ಬರಂಗಿಲ್ಲವಾ,” ಎಂದರು. ಆಮೇಲೆ ಅವಳ ಕೈ ಹಿಡಿದುಕೊಂಡರು. “ಆದ್ರ ಒಂದು ಮಾತು. ಆಕಿ ಕೇಳಾಕ ಶುರು ಮಾಡಿದ್ಲು ಅಂದ್ರ, ಏನ ಕೇಳಲಿ, ಎಷ್ಟ ಅಳಲಿ, ಕೇಳಾಕ ಬಿಡು. ಗುಂಡಿ ಮುಟ್ಟಬ್ಯಾಡ. ಒಮ್ಮೆ ಮುಟ್ಟಿದಿ ಅಂದ್ರ ಆಕಿ ಹೋದಳು ಅಂತ ತಿಳಕೊ.”

ಹನ್ನೊಂದು ದಿನ ಏನೂ ಆಗಲಿಲ್ಲ. ದಾಕ್ಷಾಯಿಣಿ ಬೇಕೆಂದೇ ಕದ ತೆರೆದಿಟ್ಟಳು, ಒಲೆ ಉರಿಯಲು ಬಿಟ್ಟು ಹೊರಗೆ ನಿಂತಳು. ಇಬ್ಬನಿ ಅವುಗಳ ಪಕ್ಕದಲ್ಲೇ ಹಾದುಹೋದಳು. ಮಗಳು ಒಂದೇ ಒಂದು ಸಲ ‘ಎಲ್ಲಾ ಸರಿ ಐತಿಲ್ಲೋ’ ಎಂದು ಕೇಳಲಿ ಎಂದು ತಾಯಿ ದೇವರಲ್ಲಿ ಬೇಡಿಕೊಂಡಳು.

ಹನ್ನೆರಡನೆಯ ದಿನ ಭಾನುವಾರ. ವೀರೇಶ ಪಡಸಾಲೆಯಲ್ಲಿ ಟೇಬಲ್ ಫ್ಯಾನು ಬಿಚ್ಚಿಕೊಂಡು ಕೂತಿದ್ದ. ದಾಕ್ಷಾಯಿಣಿ ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ಇಬ್ಬನಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮುಖ ಬೆವರಿತ್ತು.

“ಅವ್ವಾ, ಆಯಿ ಸತ್ತಿದ್ದು ನನ್ನಿಂದೇನು?”

ದಾಕ್ಷಾಯಿಣಿಯ ಕೈಯಿಂದ ಸೊಪ್ಪು ಜಾರಿತು. ದನಿ ನಡುಗುತ್ತಿತ್ತು, ಅದು ಅವಳ ಮಗಳ ದನಿ. ಹೋಗಿ ತಬ್ಬಿಕೊಳ್ಳಬೇಕೆನ್ನಿಸಿತು. ಬಂದಳು, ವಾಪಸು ಬಂದಳು ಎಂದು ಊರಿಗೆಲ್ಲ ಕೂಗಿ ಹೇಳಬೇಕೆನ್ನಿಸಿತು. ಉತ್ತರ ಕೊಡಬಾರದು. ಪಕ್ಕಕ್ಕೆ ಕೂರಿಸಿಕೊಂಡಳು.

“ನಾ ಕೈಯಾಗ ಹಾಕಿದ್ನೆವ್ವಾ. ಎರಡು ಇದ್ವು. ಆಯಿಗೆ ಕಣ್ಣು ಕಾಣ್ತಿರಲಿಲ್ಲ. ನಾ ನೋಡಿದ್ದೆ. ನಾನ ಕೊಂದ್ನೇನು? ಹೇಳವ್ವಾ, ಸರಿ ಐತಿ ಅನ್ನವ್ವಾ.” ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ತಾಯಿಯೂ ಅಳುತ್ತಿದ್ದಳು. ಮೇಡಂ ಹೇಳಿದಂತೆಯೇ ಇಬ್ಬರೂ ಕೂಡಿ ಅತ್ತರು. ಕಾಲು ತಾಸು ಕಳೆಯಿತು. ಹೆದರಿಕೆ ಏರುವಷ್ಟು ಏರಿ ಮೆಲ್ಲಗೆ ಇಳಿಯತೊಡಗಿತು. ಇಬ್ಬನಿಯ ಬಿಕ್ಕು ನಿಂತಿತು. ಕಣ್ಣೊರೆಸಿಕೊಂಡು ಕೂತಳು. ಗಂಟೆ ಬಾರಿಸಿ ತಾನಾಗಿ ನಿಂತಿತ್ತು, ಎಲ್ಲರಿಗೂ ನಿಲ್ಲುವ ಹಾಗೆ. ದಾಕ್ಷಾಯಿಣಿ ಗೆದ್ದಿದ್ದಳು.

ವೀರೇಶ ಸ್ಕ್ರೂಡ್ರೈವರ್ ಕೆಳಗಿಟ್ಟು ಇತ್ತ ತಿರುಗಿದ್ದ. “ಎರಡು ಇದ್ವು ಅಂದ್ರ ಏನಬೇ?”

ಇಬ್ಬನಿಗೆ ಅಪ್ಪನ ಮಾತು ಕೇಳಿಸಲಿಲ್ಲ. ಹುಬ್ಬು ಗಂಟಿಕ್ಕಿ ನೆಲ ನೋಡುತ್ತಿದ್ದಳು. ಈಗ ಅವಳಲ್ಲಿ ಗಾಬರಿ ಇರಲಿಲ್ಲ. ಒಂದು ಸಂಗತಿಗೆ ಇನ್ನೊಂದನ್ನು ಜೋಡಿಸಿ ನೋಡುವ ಶಂಕೆ, ಆರೋಗ್ಯವಂತ ಮನುಷ್ಯರಿಗೆ ಬರುವ ಶಂಕೆ.

“ನಾ ಬರೇ ಖಾನೆ ತೆಗೀತಿದ್ದೆ,” ಎಂದಳು ನಿಧಾನವಾಗಿ. “ಎರಡು ಹೆಂಗ ಬಂದ್ವು?” ತಲೆಯೆತ್ತಿ ತಾಯಿಯ ಮುಖ ನೋಡಿದಳು. “ಅವ್ವಾ, ಡಬ್ಬಿ ತುಂಬಿದ್ದು ಯಾರು...”

ದಾಕ್ಷಾಯಿಣಿಯ ಕೈ ಸೆರಗಿನ ಕೆಳಗಿದ್ದ ಫೋನಿನ ಮೇಲಿತ್ತು. ಯಾವಾಗ ಹೋಯಿತೋ ಅವಳಿಗೂ ಗೊತ್ತಾಗಲಿಲ್ಲ. ಒತ್ತಿದಳು.

ಇಬ್ಬನಿಯ ಹುಬ್ಬು ಸಡಿಲಾಯಿತು. ತೆರೆದ ಬಾಯಿ ಮುಚ್ಚಿಕೊಂಡಿತು. ಎದ್ದು, ಚೆಲ್ಲಿದ್ದ ಸೊಪ್ಪನ್ನು ಎತ್ತಿ ಬುಟ್ಟಿಗೆ ಹಾಕಿದಳು. “ಪಲ್ಯ ಮಾಡ್ತಿಯೇನು ಇವತ್ತು?” ಎಂದು ಕೇಳಿದಳು.

“ಏನು ಕೇಳಾಕತ್ತಿದ್ಲು ಆಕಿ?” ಎಂದ ವೀರೇಶ.

“ಏನಿಲ್ಲ ಬಿಡ್ರಿ. ಒಂದಿದ್ದದ್ದು ಎರಡು ಕಾಣೂದು, ಅದ ಹಳೇ ಕಥಿ.”

ಅವನು ನಿಟ್ಟುಸಿರು ಬಿಟ್ಟು ಫ್ಯಾನಿನ ಕಡೆ ತಿರುಗಿದ. ಫೋನು ಮೆಲ್ಲಗೆ ಅದುರಿತು. ಪರದೆಯ ಮೇಲೆ ಎರಡು ಸಾಲಿದ್ದವು. ಗಲಗಲಿಯವರು ಹೋದ ವಾರವಷ್ಟೇ ಸೇರಿಸಿದ್ದು. ‘ಈಗ ತಡೆದ ಶಂಕೆ ಅನಗತ್ಯವಾಗಿತ್ತೆ? ಇಂಥ ಶಂಕೆಯನ್ನು ಇನ್ನು ಮುಂದೆ ಶಾಶ್ವತವಾಗಿ ತಡೆಯಬೇಕೆ?’ ಕೆಳಗೆ ಹೌದು ಮತ್ತು ಇಲ್ಲ. ದಾಕ್ಷಾಯಿಣಿ ಮಗಳ ಕಡೆ ನೋಡಿದಳು. ಇಬ್ಬನಿ ಸೊಪ್ಪಿನ ಎಲೆಗಳನ್ನು ಒಂದೊಂದಾಗಿ ಬಿಡಿಸುತ್ತ, ತಾಯಿಯನ್ನು ನೋಡಿ ಮುಗುಳ್ನಕ್ಕಳು. ಗಂಡನ ಬೆನ್ನು ಇತ್ತ ಕಡೆಗಿತ್ತು.

ಅವಳು ಹೌದು ಎಂದು ಒತ್ತಿದಳು.